ತೂಕ ಹೇಳದ ಹುಡುಗಿ

ದೆಲಿಂಗ್ ದಪ್ಪಗಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಇಲೊಯಿಲೊ ಸೀಮೆಯಲ್ಲಿ ಅದನ್ನು ಹೇಳದೆ ಬಿಟ್ಟವರು ಯಾರೂ ಇಲ್ಲ. ನಮ್ಮಲ್ಲಿ ಒಬ್ಬರನ್ನೊಬ್ಬರು ಕಂಡರೆ ಕ್ಷೇಮ ಸಮಾಚಾರಕ್ಕಿಂತ ಮೊದಲು ಬರುವ ಮಾತು, "ಅಯ್ಯೋ, ಎಷ್ಟು ದಪ್ಪ ಆಗಿಬಿಟ್ಟಿದ್ದೀಯೇ!" ಅದರಲ್ಲಿ ಕೆಡುಕೇನಿಲ್ಲ, ಅದು ಪ್ರೀತಿ ಎಂದು ವಿವರಿಸುವವರೂ ಇದ್ದಾರೆ. ಅವರೆಲ್ಲ ತೆಳ್ಳಗಿರುವವರು.

ಅವಳ ಅಮ್ಮ ಪಾಸಿಂಗ್ ಚರ್ಚಿನ ಮುಂದೆ ಇಬೊಸ್ ಮಾರುತ್ತಿದ್ದಳು, ತೆಂಗಿನ ಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ. ಮಗಳು ಪಟ್ಟಣದ ವಿಶ್ವವಿದ್ಯಾಲಯಕ್ಕೆ ಸೇರಿ ಪೌಷ್ಟಿಕಾಹಾರ ಮತ್ತು ಪಥ್ಯದ ವಿದ್ಯೆ ಓದುತ್ತಾಳೆಂಬ ಸುದ್ದಿ ಹಬ್ಬಿದಾಗ ಬುಟ್ಟಿಯ ಸುತ್ತ ನಿಂತ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇವಳು ಪಥ್ಯ ಹೇಳ್ತಾಳಂತಾ? ರೋಗಿ ತಟ್ಟೆ ಖಾಲಿ ಮಾಡಿ ಬರ್ತಾಳೆ, ನೋಡ್ತಿರಿ!"

"ನಿಮ್ಮ ತಟ್ಟೇಲಿ ಏನಾದ್ರೂ ಉಳಿಸಿದ್ರೆ ತಾನೇ ಖಾಲಿ ಮಾಡೋದು," ಎಂದಳು ದೆಲಿಂಗ್. ಅಮ್ಮ ಕಣ್ಣು ಬಿಟ್ಟು ಹೆದರಿಸಿದಳು. ಗಿರಾಕಿಯ ಮುಂದೆ ಬಾಯಿ ಮಾಡಿದರೆ ಇಬೊಸ್ ಯಾರು ಕೊಳ್ಳುತ್ತಾರೆ?

ದೆಲಿಂಗ್ ಈ ಓದು ಹಿಡಿದದ್ದು ಅಜ್ಜಿಗಾಗಿ. ಅಜ್ಜಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಶಾಲೆಗೆ ಹೋಗುವ ಹುಡುಗಿಯಾಗಿದ್ದ ದೆಲಿಂಗ್ ಅಜ್ಜಿಯ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ಪಥ್ಯ ಹೇಳುವ ಹೆಂಗಸು ಅಜ್ಜಿಯ ತೂಕ ನೋಡಿ, ವಾರ್ಡಿನ ಆ ತುದಿಗೂ ಕೇಳುವಂತೆ, "ಏನಜ್ಜಿ, ಹಂದಿ ಸಾಕಿದ ಹಾಗೆ ಸಾಕಿದ್ದೀರಲ್ಲ ಮೈನ!" ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಅಜ್ಜಿಯೂ ನಕ್ಕಳು. ನಗದೆ ಏನು ಮಾಡುತ್ತಾಳೆ? ಆಮೇಲೆ ಯಾರು ಎಷ್ಟು ಗೋಗರೆದರೂ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಹುಣ್ಣು ಮೇಲೇರಿತು. ಮೊದಲು ಕಾಲು ಹೋಯಿತು, ಆಮೇಲೆ ಅಜ್ಜಿಯೇ ಹೋದಳು. ಆ ನಗು ಮಾತ್ರ ದೆಲಿಂಗಳ ಕಿವಿಯಿಂದ ಹೋಗಲಿಲ್ಲ.

ಓದಿನಲ್ಲಿ ಅವಳು ಚುರುಕು. ಮೂತ್ರಪಿಂಡ ಸೋತವರಿಗೆ ಏನು ಕೊಡಬೇಕು, ಬಾಣಂತಿಗೆ ಏನು, ಸುಟ್ಟ ಗಾಯದವರಿಗೆ ಏನು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದಳು. ಪ್ರಯೋಗದ ಅಡುಗೆಮನೆಯಲ್ಲಿ ಉಪ್ಪಿಲ್ಲದ ಮೀನಿನ ಸಾರನ್ನು ಹುಳಿಕಾಯಿ, ನುಗ್ಗೆಸೊಪ್ಪು ಹಾಕಿ ಹೇಗೆ ಕುದಿಸುತ್ತಿದ್ದಳೆಂದರೆ ಅಂಕ ಹಾಕಲು ಬಂದವರು ಇನ್ನೊಂದು ಬಟ್ಟಲು ಕೇಳುತ್ತಿದ್ದರು. ಎಡವಟ್ಟಾದದ್ದು ನಾಲ್ಕನೆಯ ವರ್ಷದಲ್ಲಿ.

ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ಮೊದಲು ವಿಭಾಗದ ಮುಖ್ಯಸ್ಥೆ ಪಲ್ಮಾರೆಸ್ ಮೇಡಂ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಗುತ್ತಿದ್ದರು. ಒಬ್ಬರು ಯಂತ್ರ ಹತ್ತುವುದು, ಇನ್ನೊಬ್ಬರು ತೂಕ ಕೂಗುವುದು, ಮತ್ತೊಬ್ಬರು ಹಲಗೆಯ ಮೇಲೆ ಬರೆಯುವುದು. ಮಿತಿ ಮೀರಿದವರು ತೂಕ ಇಳಿಸುವವರೆಗೆ ವಾರ್ಡಿಗೆ ಹೋಗುವಂತಿಲ್ಲ. ವಾರ್ಡಿನ ಕೆಲಸ ಮುಗಿಸದಿದ್ದರೆ ಪದವಿ ಇಲ್ಲ. ಈ ನಿಯಮ ಎಲ್ಲೂ ಬರೆದಿರಲಿಲ್ಲ. ಮೇಡಂ ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಬಟ್ಟೆಯಂತಿದ್ದರು, ಅವರ ಮಾತೇ ನಿಯಮವಾಗಿತ್ತು. ಹುಡುಗಿಯರು ಹಿಂದಿನ ದಿನವೆಲ್ಲ ಉಪವಾಸವಿದ್ದು, ಕಿವಿಯೋಲೆಯನ್ನೂ ಬಿಚ್ಚಿಟ್ಟು ಬಂದು ನಿಲ್ಲುತ್ತಿದ್ದರು. ಆಹಾರದ ವಿದ್ಯೆ ಕಲಿಯುವವರ ಗತಿ ಇದು!

"ಫ್ಲೋರ್ದೆಲಿಸಾ, ಹತ್ತು," ಎಂದರು ಮೇಡಂ. ಅದು ದೆಲಿಂಗಳ ಪೂರ್ತಿ ಹೆಸರು.

"ಹತ್ತಲ್ಲ ಮೇಡಂ."

ಹಲಗೆಯ ಮೇಲೆ ಬರೆಯುತ್ತಿದ್ದವಳು ತಿರುಗಿ ನೋಡಿದಳು.

"ಯಾಕೆ, ಭಯಾನಾ?"

"ಭಯ ಅಲ್ಲ ಮೇಡಂ. ರೋಗಿ ತೂಕ ಪರದೆ ಹಿಂದೆ ನೋಡ್ಬೇಕು, ಇನ್ನೊಬ್ಬರ ಕಿವಿಗೆ ಬೀಳಬಾರ್ದು ಅಂತ ನೀವೇ ಹೇಳಿಕೊಟ್ಟಿದ್ರಿ."

"ನೀನು ರೋಗಿ ಅಲ್ಲ."

"ಅಲ್ವಲ್ಲ! ಮತ್ತೆ ನನ್ನ ತೂಕ ಯಾಕೆ ಬೇಕು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಮುಖ ಕೆಂಪಾಯಿತು. "ನಿನ್ನನ್ನ ನೋಡಿ ಯಾವ ರೋಗಿ ನಿನ್ನ ಮಾತು ಕೇಳ್ತಾನೆ? ಹೋಗಲಿ, ನಿಂಗೊಂದು ಅವಕಾಶ. ಬಗಾಕಾಯ್ ಹಳ್ಳಿ ಮಕ್ಕಳನ್ನೆಲ್ಲ ತೂಗಿ ಬಾ. ಒಂದು ಮಗುನೂ ಬಿಡಬಾರ್ದು. ಆಮೇಲೆ ವಾರ್ಡಿನ ಮಾತು. ಇಲ್ಲಾಂದ್ರೆ ಈಗಲೇ ಹತ್ತು, ಮುಗಿದುಹೋಗುತ್ತೆ."

ಬಗಾಕಾಯ್ ಹೆಸರು ಕೇಳಿ ಗೆಳತಿಯರು ಅಯ್ಯೋ ಪಾಪ ಎಂದು ಅವಳ ಮುಖ ನೋಡಿದರು. ಆ ಮೀನುಗಾರರ ಹಳ್ಳಿಯಲ್ಲಿ ವರ್ಷದಿಂದ ಒಬ್ಬ ತಾಯಿಯೂ ಮಗುವನ್ನು ತೂಕಕ್ಕೆ ತಂದಿರಲಿಲ್ಲ. ಹೋದವರೆಲ್ಲ ಬರಿಗೈಯಲ್ಲಿ ಮರಳಿದ್ದರು.

"ಬಗಾಕಾಯ್‌ಗೆ ಹೋಗ್ತೀನಿ," ಎಂದಳು ದೆಲಿಂಗ್.

ಅಮ್ಮ ಅವಳನ್ನು ಚೆನ್ನಾಗಿ ಬೈದಳು. "ಒಂದು ಸಲ ಹತ್ತಿ ಇಳಿದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಅಷ್ಟು ಹಟ ಯಾಕೆ?"

"ನಿಮ್ಮಮ್ಮ ಹತ್ತಿ ಇಳಿದ್ರಲ್ಲ ಅಮ್ಮಾ. ಏನಾಯ್ತು?"

ಬೆಳಿಗ್ಗೆ ಪಾಸಿಂಗ್ ಮಗಳ ಚೀಲಕ್ಕೆ ಇಬೊಸ್ ತುಂಬಿ, ಮೇಲೆ ತನ್ನ ಅಮ್ಮನ ಹಳೆಯ ಪತಾದ್ಯೊಂಗನ್ನು ಮಡಿಸಿ ಇಟ್ಟಳು. ನಮ್ಮ ಅಜ್ಜಿಯರು ಸೊಂಟಕ್ಕೆ ಸುತ್ತುವ ಚೌಕುಳಿ ಬಟ್ಟೆ ಅದು. ರಾತ್ರಿ ಹೊದೆಯೋಕೆ ಆಗುತ್ತೆ ಎಂದಷ್ಟೇ ಹೇಳಿದಳು.

ಬಗಾಕಾಯ್‌ನ ಆರೋಗ್ಯ ಕೇಂದ್ರವೆಂದರೆ ಒಂದು ಕೋಣೆ, ಒಂದು ಬೆಂಚು, ಅದರ ಮೇಲೆ ಓಪ್ರಿಂಗಕ್ಕ. ಮಕ್ಕಳ ಊಟ, ತೂಕ ನೋಡಿಕೊಳ್ಳಲು ಹಳ್ಳಿಯವರೇ ನೇಮಿಸಿದ ಹೆಂಗಸು ಅವಳು. ದೆಲಿಂಗ್ ಬಂದು ಕುಳಿತು ಕಾದಳು. ತಾಯಂದಿರು ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಮುಂದೆಯೇ ಹಾದುಹೋದರು, ಒಳಗೆ ಯಾರೂ ಇಣುಕಲಿಲ್ಲ.

"ಬರಲ್ಲ ಇಂದಾಯ್," ಎಂದಳು ಓಪ್ರಿಂಗಕ್ಕ. ನಮ್ಮಲ್ಲಿ ಹುಡುಗಿಯರನ್ನು ಹಾಗೇ ಕರೆಯುವುದು. "ಹೋದ ವರ್ಷ ನಿಮ್ಮ ಕಾಲೇಜಿಂದ ಬಂದವರು ಏನು ಮಾಡಿದ್ರು ಗೊತ್ತಾ? ನಮ್ಮ ಮೆರ್ಲಿ ಮಗು ಬಡಕಲು. ತೂಗಿ, 'ಇದೇ ಊರಲ್ಲೆಲ್ಲ ಕಡಿಮೆ' ಅಂತ ಕೂಗಿದ್ರು. ಊಟ ಹಾಕಲ್ವೇನೇ ಅಂತ ಜನ ಅವಳನ್ನ ಹುರಿದು ಮುಕ್ಕಿದ್ರು. ಆಮೇಲೆ ತೊನ್ಯಾಂಗ್ ಮೊಮ್ಮಗು ಗುಂಡುಗುಂಡಾಗಿದೆ ಅಂತ ಆ ಹುಡುಗೀರೆಲ್ಲ ಎತ್ತಿ ಮುದ್ದಾಡಿ ಹೊಗಳಿದ್ದೇ ಹೊಗಳಿದ್ದು. ಒಬ್ಬರಾದ್ರೂ ಉಗುಳು ಹಚ್ಚಿದ್ರಾ? ಸಾಯಂಕಾಲಕ್ಕೆ ಮಗುಗೆ ಕೆಂಡದಂಥ ಜ್ವರ."

ದೆಲಿಂಗ್ ತಲೆ ಚಚ್ಚಿಕೊಂಡಳು. ದೊಡ್ಡವರನ್ನು ದಪ್ಪ ಎಂದರೆ ನಮ್ಮಲ್ಲಿ ಅದು ನಮಸ್ಕಾರ. ಆದರೆ ಮಗುವನ್ನು ಹಾಗೆಂದರೆ ದೃಷ್ಟಿ. ಅಂದವರು ಕೂಡಲೇ ಹೆಬ್ಬೆರಳಿಗೆ ಉಗುಳು ಮುಟ್ಟಿಸಿ ಮಗುವಿನ ಪಾದಕ್ಕೆ ಸವರಿ, ದೃಷ್ಟಿ ತಗಲದಿರಲಿ ಎನ್ನಬೇಕು. ಇದು ಆ ಹುಡುಗಿಯರಿಗೆ ತಿಳಿಯದ್ದೇನಲ್ಲ, ಅವರೂ ಇದೇ ಮಣ್ಣಿನವರು. ಬಿಳಿ ಸಮವಸ್ತ್ರ ತೊಟ್ಟಾಗ ಅಂಥದ್ದೆಲ್ಲ ಮಾಡಬಾರದೆಂದು ಮೇಡಂ ತಾಕೀತು ಮಾಡಿದ್ದರು.

ದೆಲಿಂಗ್ ಕೇಂದ್ರದ ತೂಕದ ಯಂತ್ರವನ್ನು ಹೆಗಲ ಮೇಲೆ ಹೊತ್ತು ದಂಡೆಗೆ ನಡೆದಳು. ಅಲ್ಲಿ ಕಾಡುಬಾದಾಮಿಯ ನೆರಳಲ್ಲಿ ಹೆಂಗಸರು ಮೀನು ಸೀಳಿ ಒಣಗಲು ಹರಡುತ್ತಿದ್ದರು. ನಡುವೆ ಕುಳಿತವಳು ತೊನ್ಯಾಂಗಕ್ಕ. ಬಗಾಕಾಯ್‌ನಲ್ಲಿ ಒಂದು ಗುಟ್ಟು ಅವಳ ಕಿವಿಗೆ ಬಿತ್ತೆಂದರೆ ಊರಿನ ಜೀಪ್ನಿ ಬಸ್ಸಿಗಿಂತ ಮೊದಲು ಪಟ್ಟಣ ಮುಟ್ಟುತ್ತದೆ.

"ಓಹೋಹೋ! ಈ ಸಲ ಕಾಲೇಜಿನವರು ಚೆನ್ನಾಗಿ ಉಂಡವಳನ್ನೇ ಕಳಿಸಿದ್ದಾರೆ!" ಎಂದಳು ತೊನ್ಯಾಂಗಕ್ಕ.

"ಹೂನಕ್ಕಾ. ಬಡಕಲು ಹುಡುಗೀರು ಬಂದು ಊಟದ ಬಗ್ಗೆ ಹೇಳಿದ್ರೆ ನೀವು ನಂಬ್ತೀರಾ?"

ಚಾಕುಗಳು ನಿಂತು ನಗು ಎದ್ದಿತು. ದೆಲಿಂಗ್ ಎರಡು ಕೊಂಬೆಗಳ ನಡುವೆ ಹಗ್ಗ ಕಟ್ಟಿ ಅಜ್ಜಿಯ ಪತಾದ್ಯೊಂಗನ್ನು ಇಳಿಬಿಟ್ಟಳು. ಯಂತ್ರವನ್ನು ಅದರ ಹಿಂದಿಟ್ಟಳು.

"ನನ್ನ ತೂಕ ತಿಳ್ಕೊಬೇಕು ಅಂತ ನಿಮಗೆಲ್ಲ ಆಸೆ ಇದೆ ಅಲ್ವಾ? ನಮ್ಮ ಮೇಡಂಗೂ ಇತ್ತು, ನಾನು ತೋರಿಸಲಿಲ್ಲ. ತೊನ್ಯಾಂಗಕ್ಕಾ, ನಿಮಗೆ ತೋರಿಸ್ತೀನಿ, ಬನ್ನಿ. ಆದ್ರೆ ಅದು ನಿಮ್ಮ ಬಾಯಿಂದ ಆಚೆ ಬಂದ್ರೆ ನಾನು ಗಂಟುಮೂಟೆ ಕಟ್ಟಿ ಹೋಗ್ತೀನಿ, ನಿಮ್ಮ ಮಕ್ಕಳನ್ನ ಮುಟ್ಟಲ್ಲ."

"ಇವಳಿಗೇ ಹೇಳ್ತಾಳಂತೆ! ಚರ್ಚಿನ ಗಂಟೆಗೆ ಹೇಳಿದ್ರೂ ವಾಸಿ," ಎಂದು ಯಾರೋ ಕೂಗಿದರು.

ತೊನ್ಯಾಂಗಕ್ಕ ಕೈ ತೊಳೆದು ಪರದೆಯ ಹಿಂದೆ ಹೋದಳು. ದೆಲಿಂಗ್ ಯಂತ್ರ ಹತ್ತಿ ನೆಟ್ಟಗೆ ನಿಂತಳು. ತೊನ್ಯಾಂಗಕ್ಕ ಬಗ್ಗಿ ಮುಳ್ಳು ನೋಡಿದಳು, ತಲೆಯೆತ್ತಿ ಹುಡುಗಿಯ ಮುಖ ನೋಡಿದಳು. ನಗಲಿಲ್ಲ. ಹೊರಗೆ ಬಂದವಳನ್ನು ಹೆಂಗಸರೆಲ್ಲ ಮುತ್ತಿಕೊಂಡರು, "ಎಷ್ಟೇ? ಎಷ್ಟೇ?"

"ಎಷ್ಟೋ. ನಿಮಗ್ಯಾಕೆ?"

ಎರಡು ದಿನ ಕಾಡಿದರು, ಬೇಡಿದರು, ಒಣಮೀನಿನ ಆಸೆ ತೋರಿಸಿದರು. ಜಪ್ಪಯ್ಯ ಎಂದರೂ ಅವಳು ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ಯಾರೂ ಅವಳನ್ನು ನಂಬಿ ಒಂದು ಮಾತು ಒಪ್ಪಿಸಿರಲಿಲ್ಲ. ಒಪ್ಪಿಸಿದ್ದನ್ನು ಕಾಯುವ ಗತ್ತೇ ಬೇರೆ ಎಂದು ಅವಳಿಗೆ ಈಗ ತಿಳಿದಿತ್ತು, ತಲೆಯೆತ್ತಿ ತಿರುಗಾಡಿದಳು.

ಮೂರನೆಯ ದಿನ ತೊನ್ಯಾಂಗಕ್ಕನೇ ಮೊಮ್ಮಗುವನ್ನು ತಂದಳು. ದೆಲಿಂಗ್ ಮೊದಲು ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪಾದಕ್ಕೆ ಸವರಿದಳು, ದೃಷ್ಟಿ ತಗಲದಿರಲಿ ಎಂದಳು, ಆಮೇಲೆ ಕೈ ತೊಳೆದುಕೊಂಡು ತೂಗಿ ತೂಕವನ್ನು ತೊನ್ಯಾಂಗಕ್ಕನ ಕಿವಿಯಲ್ಲಿ ಹೇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು ಬಂದರು. ಕೊನೆಗೆ ಬಂದವಳು ಮೆರ್ಲಿ, ಮಗುವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು. ಪರದೆಯ ಹಿಂದೆ ಅವಳು ಬಾಯಿಗೆ ಅದೇ ಬಟ್ಟೆ ಒತ್ತಿ ಅತ್ತಳು, ದೆಲಿಂಗ್ ಅಳಲು ಬಿಟ್ಟಳು. ಆಮೇಲೆ ಇಬ್ಬರೂ ಪಿಸುಗುಟ್ಟುತ್ತ ಬಹಳ ಹೊತ್ತು ಕುಳಿತರು: ಗಂಜಿಗೆ ಸೇರಿಸಬೇಕಾದ ಮೊಟ್ಟೆ, ಸಣ್ಣ ಮೀನಿನ ಪುಡಿ, ನುಗ್ಗೆಸೊಪ್ಪು, ಮಗು ಉಗಿದರೆ ಏನು ಮಾಡಬೇಕು, ಡಾಕ್ಟರ ಬಳಿ ಯಾವಾಗ ಹೋಗಬೇಕು. ಅವರು ಆಡಿದ್ದು ಇಷ್ಟೇ ಎಂದು ನಾನು ಊಹಿಸಿ ಬರೆಯುತ್ತಿದ್ದೇನೆ. ದೆಲಿಂಗ್ ಯಾರಿಗೂ ಹೇಳಿಲ್ಲ.

ಬಗಾಕಾಯ್ ಮಕ್ಕಳೆಲ್ಲ ತೂಕಕ್ಕೆ ಬಂದರೆಂಬ ಮಾತು ನಂಬದೆ ಪಲ್ಮಾರೆಸ್ ಮೇಡಂ ತಾವೇ ಬಂದರು. ಮರದ ಕೆಳಗಿನ ಚೌಕುಳಿ ಪರದೆ ನೋಡಿದರು. ಮಗುವಿನ ಪಾದದ ಮೇಲೆ ಹೆಬ್ಬೆರಳು ಓಡುವುದನ್ನೂ ನೋಡಿದರು.

"ಸಮವಸ್ತ್ರ ಹಾಕ್ಕೊಂಡು ಉಗುಳು ಹಚ್ಚೋದಾ? ಇದನ್ನಾ ನಾನು ಕಲಿಸಿದ್ದು?"

"ಉಗುಳು ಹಚ್ಚಿದ್ರೆ ಮಗು ತೂಕ ಹೆಚ್ಚಲ್ಲ ಮೇಡಂ. ತಾಯಿ ನಾಳೇನೂ ಬರ್ತಾಳೆ, ಅಷ್ಟೇ."

"ಆಯ್ತು, ಒಬ್ಬೊಬ್ಬರ ತೂಕ ಓದು, ಪರೀಕ್ಷೆ ಮಾಡ್ತೀನಿ."

"ತೂಕ ಬರೆದ ಪುಸ್ತಕ ಕೊಡ್ತೀನಿ, ನೋಡ್ಕೊಳ್ಳಿ. ಕೂಗಲ್ಲ."

"ಇನ್ನೂ ಅದೇ ಹಟಾನಾ? ಡಿಗ್ರಿ ಬೇಡ್ವಾ ನಿಂಗೆ?"

"ಬೇಕು ಮೇಡಂ." ದೆಲಿಂಗ್ ಪುಸ್ತಕವನ್ನು ಮೇಡಂ ಮುಂದೆ ಹಿಡಿದಳು. "ಕೂಗಿ ತಗೊಳ್ಳೋ ಹಾಗಿದ್ರೆ ಬೇಡ."

ಅಷ್ಟರಲ್ಲಿ ತೊನ್ಯಾಂಗಕ್ಕ ಮೀನಿನ ಚಾಕು ಕೆಳಗಿಟ್ಟು ಎದ್ದು ಬಂದಳು. "ಮೇಡಂ, ಇಲ್ಲೊಂದು ಪದ್ಧತಿ ಇದೆ. ನಮ್ಮ ಮಕ್ಕಳ ತೂಕ ನೋಡೋಕೆ ಬಂದವರು ಮೊದಲು ತಾವು ಹತ್ತಬೇಕು. ಈ ಹುಡುಗಿ ಹತ್ತಿದಾಳೆ. ನೀವೂ ಹತ್ತಿ."

ಆ ಪದ್ಧತಿ ಆಗಷ್ಟೇ ಹುಟ್ಟಿದ್ದು. ಆದರೂ ಹೆಂಗಸರೆಲ್ಲ ಅದು ಅಜ್ಜ ಮುತ್ತಜ್ಜರ ಕಾಲದ್ದೆಂಬಂತೆ ತಲೆಯಾಡಿಸಿದರು. ಮೇಡಂ ಸುತ್ತ ನೋಡಿದರು. ಹಿಂದೆ ಸರಿಯಲು ದಾರಿ ಇರಲಿಲ್ಲ. ಬಿರಬಿರನೆ ಪರದೆಯ ಹಿಂದೆ ಹೋಗಿ, ಚಪ್ಪಲಿ ಬಿಚ್ಚಿ, ಗಡಿಯಾರ ಬಿಚ್ಚಿ, ಕಿವಿಯೋಲೆಯನ್ನೂ ಬಿಚ್ಚಿ ಯಂತ್ರ ಹತ್ತಿದರು. ಹತ್ತಿ ಕಣ್ಣು ಮುಚ್ಚಿದರು.

ದೆಲಿಂಗ್ ಮುಳ್ಳು ನೋಡಿದಳು. ಅವಳಿಗಿದ್ದ ಸಿಟ್ಟೆಲ್ಲ ಎಲ್ಲೋ ಇಂಗಿತು. ಅಷ್ಟು ಎತ್ತರದ ಹೆಂಗಸು ವಾರ್ಡಿನಲ್ಲಿ ಇಷ್ಟು ಕಡಿಮೆ ತೂಗಿದ್ದರೆ, ಮೊದಲು ಇವರಿಗೆ ಊಟ ಹತ್ತಿಸಿ ಎಂದು ಮೇಡಂ ಅವರೇ ಬರೆಸುತ್ತಿದ್ದರು.

"ಹೆಚ್ಚಾಗಿದೆಯಾ?" ಎಂದು ಮೇಡಂ ಕಣ್ಣು ಮುಚ್ಚಿಕೊಂಡೇ ಕೇಳಿದರು. ಆ ದನಿ ಅವರದೆಂದು ನಂಬುವುದು ಕಷ್ಟವಾಗಿತ್ತು.

ದೆಲಿಂಗ್ ಅವರ ಕಿವಿಯ ಬಳಿ ಬಗ್ಗಿದಳು. "ಮೇಡಂ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

ಮೇಡಂ ಕಣ್ಣು ತೆರೆದು ಯಂತ್ರದಿಂದ ಇಳಿದರು. ಮುಳ್ಳಿನ ಕಡೆ ನೋಡದೆ ಕಿವಿಯೋಲೆ ಹಾಕಿಕೊಂಡರು.

"ಎಷ್ಟಂತೆ?" ಎಂದು ಹೊರಗಿನಿಂದ ಒಬ್ಬಳು ಕೂಗಿದಳು.

"ಬಾಯಿ ಮುಚ್ಚೇ! ಪರದೆ ಯಾಕೆ ಕಟ್ಟಿದಾರೆ ಅನ್ಕೊಂಡೆ?" ಎಂದು ತೊನ್ಯಾಂಗಕ್ಕ ಗದರಿಸಿದಳು.

ಮಧ್ಯಾಹ್ನ ಓಪ್ರಿಂಗಕ್ಕ ತೊಗರಿಕಾಳು, ಹಲಸಿನಕಾಯಿ, ಹಂದಿಮಾಂಸ ಹಾಕಿದ ಹುಳಿಯ ಜೊತೆ ಅನ್ನ ಬಡಿಸಿದಳು. ಮೇಡಂ ಅರ್ಧ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿ ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಹೊರಡುವಾಗ ದೆಲಿಂಗಳ ಮುಖ ನೋಡದೆ, "ಸೋಮವಾರ ವಾರ್ಡಿಗೆ ಬಾ," ಎಂದರು.

"ತೂಕದ ಯಂತ್ರ ಹತ್ತಲ್ಲ ಮೇಡಂ."

"ಹತ್ತು ಅಂದ್ನಾ?" ಎಂದು ರೇಗಿ ಮೇಡಂ ಜೀಪ್ನಿ ಹತ್ತಿದರು.

ಸೋಮವಾರ ಮಧುಮೇಹದ ವಾರ್ಡಿನ ಬಾಗಿಲ ಪಕ್ಕದ ಮಂಚದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ ಭಾರೀ ಮುದುಕಿ ಮಲಗಿದ್ದಳು. ದೆಲಿಂಗಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು, "ನೀನಾ ನಂಗೆ ಪಥ್ಯ ಹೇಳೋಳು? ಮೊದಲು ನಿನ್ನ ಮೈ ನೋಡ್ಕೊಳ್ಳೇ!"

ವಾರ್ಡು ನಕ್ಕಿತು, ಹಳೆಯ ಅದೇ ನಗು. ದೆಲಿಂಗ್ ಚೀಲದಿಂದ ಪತಾದ್ಯೊಂಗ್ ತೆಗೆದು ಮಂಚದ ಕಂಬಿಗೆ ಕಟ್ಟಿ ಇಳಿಬಿಟ್ಟಳು, ಕುರ್ಚಿ ಎಳೆದುಕೊಂಡು ಮುದುಕಿಯ ತಲೆಯ ಹತ್ತಿರ ಕುಳಿತಳು.

"ಈಗ ಹೇಳಿ ಅಜ್ಜೀ, ಮನೇಲಿ ಏನು ಇಷ್ಟ ಪಟ್ಟು ತಿಂತೀರಾ? ಮೆಲ್ಲಗೆ ಹೇಳಿ, ನಂಗೊಬ್ಬಳಿಗೆ ಕೇಳಿದ್ರೆ ಸಾಕು."