ಬೇಲೇಕೇರಿಗೆ ಹೋದ ತೊಟ್ಟಿಲು

ದೀಪಾವಳಿ ಮುಗಿದ ವಾರದಲ್ಲಿ ನಾನು ಮಿಶ್ರಿಕೋಟಿಯಿಂದ ಹೊರಟೆ. ಹೊಲಗಳಲ್ಲಿ ಭತ್ತ ಇನ್ನೂ ಕೊಯ್ಲಾಗಿರಲಿಲ್ಲ. ಕಲಘಟಗಿಯಲ್ಲಿ ಇಳಿದವಳು ನೇರವಾಗಿ ಚಿತ್ರಗಾರರ ಮನೆಗೆ ಹೋಗಿ, ಮಳೆಗಾಲದಲ್ಲೇ ಹೇಳಿಟ್ಟಿದ್ದ ಬಣ್ಣದ ತೊಟ್ಟಿಲನ್ನು ತೆಗೆದುಕೊಂಡೆ. ಕೆಂಪು ನೆಲದ ಮೇಲೆ ಹಳದಿ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಬಣ್ಣ ಕಿತ್ತುಹೋಗದಂತೆ ಮನೆಯಿಂದ ತಂದಿದ್ದ ಹಳೆಯ ಕೌದಿಯನ್ನು ಸುತ್ತಿ, ಅದರ ಮೇಲೆ ಗೋಣಿಚೀಲ ಹೊಲಿದುಕೊಟ್ಟರು. ಹಮಾಲ ಅದನ್ನು ಹೊತ್ತು ಮುಂದೆ ನಡೆದ. ನಾನು ರೊಟ್ಟಿಯ ಗಂಟು, ಬಟ್ಟೆಯ ಚೀಲ ಹಿಡಿದು ಅವನ ಹಿಂದೆ ನಡೆದೆ. ಪ್ರಯಾಣ ಶುರುವಾಗುವ ಮೊದಲೇ ನನಗೆ ದಣಿವಾಗಿತ್ತು.

ತೊಟ್ಟಿಲು ನನ್ನ ತಂಗಿ ಶಾಂತಾಳ ಮಗುವಿಗೆ. ಶಾಂತಾ ನರ್ಸ್. ಅಂಕೋಲೆಯ ಹತ್ತಿರ ಕಡಲ ದಂಡೆಯ ಬೇಲೇಕೇರಿಗೆ ಕೆಲಸಕ್ಕೆ ಹೋದವಳು ಅಲ್ಲಿಯ ಮೀನುಗಾರರ ಮನೆಯ ಗಣಪತಿಯನ್ನು ಮೆಚ್ಚಿ ಮದುವೆಯಾದಳು. ನಮ್ಮದು ವಿಭೂತಿ ಹಚ್ಚುವ ಮನೆತನ, ಅವರದು ಮೀನಿನ ಬದುಕು. ಬಂಧುಗಳು ಯಾರೂ ಮದುವೆಗೆ ಹೋಗಲಿಲ್ಲ. ಅಪ್ಪ ಮಾತ್ರ ಹೋಗಿ ಅಕ್ಷತೆ ಹಾಕಿ ಬಂದಿದ್ದರು. ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಅವ್ವ ಇಲ್ಲದ ಮನೆಯಲ್ಲಿ ಅಪ್ಪನನ್ನು ಎಬ್ಬಿಸಿ ಕೂಡಿಸುವುದು, ಶಾಲೆಗೆ ಹೋಗಿ ಪಾಠ ಹೇಳುವುದು, ಬಂದು ಒಲೆ ಹಚ್ಚುವುದು, ಎಲ್ಲ ನನ್ನೊಬ್ಬಳ ಪಾಲಿಗೆ ಬಂತು. ಹೀಗಾಗಿ ಚೊಚ್ಚಲ ಹೆರಿಗೆಗೆ ತಂಗಿಯನ್ನು ತವರಿಗೆ ಕರೆತರಲು ಆಗಲಿಲ್ಲ. ಅವಳ ಅತ್ತೆಯೇ ಬಾಣಂತನ ಮಾಡಿದರು.

“ಬಾಣಂತನಾ ಅಂತೂ ನಮ್ಮ ಕೈಲೆ ಆಗಲಿಲ್ಲ,” ಎಂದಿದ್ದರು ಅಪ್ಪ, ತೊದಲುತ್ತ. “ತೊಟ್ಟಿಲಾ ಆದ್ರೂ ನಮ್ಮ ಮನಿಂದ ಹೋಗ್ಲೆವಾ.”

ಬಾಜೂ ಮನೆಯ ಕಾಕೂ ನಾನು ಬರುವವರೆಗೆ ಅಪ್ಪನನ್ನು ನೋಡಿಕೊಳ್ಳಲು ಒಪ್ಪಿದರು. ಭಾನುವಾರ ಅವರು ಮಗಳ ಊರಿಗೆ ಹೋಗುವವರಿದ್ದರು. ಶನಿವಾರ ನಾನು ತಿರುಗಿ ಬರಲೇಬೇಕಿತ್ತು.

ಹುಬ್ಬಳ್ಳಿಯಿಂದ ಬಂದ ಅಂಕೋಲೆಯ ಬಸ್ಸು ತುಂಬಿತ್ತು. ಸಾಮಾನನ್ನು ಮೇಲೆ ಹಾಕಿರಿ ಎಂದು ಕಂಡಕ್ಟರ್ ರೇಗಿದ. ಒಳಗೆ ತೊಟ್ಟಿಲಿದೆ ಎಂದು ಹೇಳಿದ ಮೇಲೆ ಅವನ ದನಿ ಇಳಿಯಿತು. “ಖಾಲಿ ತೊಟ್ಟಿಲಾ ತೂಗಬಾರದ್ರಿ ಅಕ್ಕಾರ. ಮ್ಯಾಲ ಹಾಕಿದ್ರ ಘಟ್ಟ ಇಳಿಯೂತನಕಾ ತೂಗತೈತಿ,” ಎಂದು ತಾನೇ ಅದನ್ನು ಡ್ರೈವರನ ಹಿಂದಿನ ಜಾಗದಲ್ಲಿ ಇಬ್ಬರು ಪ್ರಯಾಣಿಕರ ಮೊಣಕಾಲಿಗೆ ಆನಿಸಿ ನಿಲ್ಲಿಸಿದ. ಅದಕ್ಕೆ ಅರ್ಧ ಟಿಕೆಟನ್ನೂ ಹರಿದ. ಯಲ್ಲಾಪುರದವರೆಗೆ ನಾನು ನಿಂತೇ ಇದ್ದೆ. ಅಲ್ಲಿ ಚಹಾ ಕುಡಿದು ಹತ್ತಿದಾಗ ಕೂಡಲು ಸೀಟು ಸಿಕ್ಕಿತು. ಅರಬೈಲು ಘಟ್ಟದ ತಿರುವುಗಳಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಗಾಳಿ ಬೇರೆಯಾಗಿತ್ತು. ಮೈಗೆ ಅಂಟುವ, ಒದ್ದೆ ಬಟ್ಟೆಯಂಥ ಗಾಳಿ.

ಅಂಕೋಲೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಬೇಲೇಕೇರಿಯ ಬಸ್ಸಿನಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಲ್ಲಲೂ ಜಾಗವಿರುವುದಿಲ್ಲ ಎಂದು ಶಾಂತಾ ಮೊದಲೇ ತಿಳಿಸಿದ್ದಳು. ಆ ದಿನ ಬಸ್ಸು ಅರ್ಧ ಖಾಲಿಯಿತ್ತು. ಬುಟ್ಟಿ ಒಂದೂ ಇರಲಿಲ್ಲ. ನಿನ್ನೆಯಿಂದ ಗಾಳಿ ಎದ್ದಿದೆ, ಮೀನು ಹಿಡಿಯಲು ಯಾರೂ ಕಡಲಿಗೆ ಇಳಿದಿಲ್ಲ ಎಂದು ಡ್ರೈವರ್ ಹೇಳಿದ. ದಾರಿಯುದ್ದಕ್ಕೂ ತೆಂಗಿನ ಗರಿಗಳು ಮುರಿದು ಬಿದ್ದಿದ್ದವು.

ಬಸ್ಸು ನಿಂತಲ್ಲಿ ಗಣಪತಿ ಕಾಯುತ್ತಿದ್ದ. ಅವನು ಊರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕಾರಕೂನ. ತೊಟ್ಟಿಲನ್ನು ಹೆಗಲಿಗೇರಿಸಿ ಮುಂದೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: ಪಕ್ಕದ ಮನೆಯ ದೇವಕಿ ಎಂಬವರ ಮಗ ರಾಮ ಮತ್ತು ದೇವಕಿಯ ತಮ್ಮ ನಿನ್ನೆ ನಸುಕಿನಲ್ಲಿ ಸಣ್ಣ ದೋಣಿಯಲ್ಲಿ ಹೋದವರು ಬಂದಿಲ್ಲ. ಅವರು ಹೋದ ಮೇಲೆ ಗಾಳಿ ಎದ್ದಿತು. ಗಾಳಿ ತಗ್ಗಿದ ಕೂಡಲೇ ದೊಡ್ಡ ಬೋಟುಗಳು ಹುಡುಕಲು ಹೋಗಿವೆ. ನಾಳೆಗೆಂದು ಗೊತ್ತುಮಾಡಿದ್ದ ನಾಮಕರಣ ಹೇಗಾಗುತ್ತದೋ ತಿಳಿಯದು.

ಮನೆಯ ಬಾಗಿಲಲ್ಲಿ ಶಾಂತಾ ನನ್ನನ್ನು ತಬ್ಬಿಕೊಂಡು, “ಎಷ್ಟ ಸೊರಗೀಯವಾ ಅಕ್ಕಾ,” ಎಂದು ಅತ್ತಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಹೆಣ್ಣುಮಗು, ತುಂಬುಗೂದಲು. ಶಾಂತಾಳ ಅತ್ತೆ ನಾಗಮ್ಮ ಕಾಲಿಗೆ ನೀರು ಕೊಟ್ಟರು. ಎತ್ತರದ ಹೆಂಗಸು. ನಗುವ ಮುಖ, ಆದರೆ ಅಳು ತಡೆದು ಕಣ್ಣುಗಳು ಕೆಂಪಾಗಿದ್ದವು.

“ಬೇಜಾರ ಮಾಡ್ಕಣ್ಬೇಡಿ ಅಕ್ಕೋರೆ. ಇವತ್ತು ನಮ್ಮ ಕೇರಿಲಿ ಯಾರೂ ಒಲೆ ಹಚ್ಚೂದಿಲ್ಲ,” ಎಂದರು.

ಆದರೂ ನನಗಾಗಿ ಕುಚಲಕ್ಕಿಯ ಗಂಜಿ ಬಂತು. ದಾರಿಯಾಚೆಯ ಕಿರಾಣಿ ಅಂಗಡಿಯವರ ಮನೆಯಲ್ಲಿ ಕುದಿಸಿ ತಂದದ್ದಂತೆ. ಮೀನು ಮುಟ್ಟದ ಪಾತ್ರೆ ಬೇಕೆಂದು ನಾಗಮ್ಮ ಹೊಸ ಗಡಿಗೆಯನ್ನೇ ತಂದಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಅದೊಂದನ್ನು ಅವರು ಮರೆತಿರಲಿಲ್ಲ. ನನ್ನ ಗಂಟಿನ ರೊಟ್ಟಿ, ಶೇಂಗಾ ಚಟ್ನಿಯನ್ನು ಅವರ ಮುಂದೆ ಇಟ್ಟೆ. ಒಲೆ ಉರಿಯದ ಮನೆಗಳ ಮಕ್ಕಳು ಆ ರೊಟ್ಟಿಗಳನ್ನು ಮುರಿದು ಹಂಚಿಕೊಂಡು ತಿಂದರು.

ಸಂಜೆ ಎಲ್ಲರೂ ದಂಡೆಗೆ ಹೋದರು, ನಾನೂ ಹೋದೆ. ಕಡಲನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಚೆಂದವೆನಿಸಲಿಲ್ಲ. ಕೆಸರು ಬಣ್ಣದ ನೀರು ಒಂದೇ ಸಮನೆ ಸದ್ದು ಮಾಡುತ್ತಿತ್ತು. ದೇವಕಿ ಮಗುಚಿ ಹಾಕಿದ್ದ ದೋಣಿಯೊಂದಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ನನ್ನಷ್ಟೇ ವಯಸ್ಸು, ಗಂಡನಿಲ್ಲದವರು. ನಮ್ಮ ಕಡೆಯಾದರೆ ಹತ್ತು ಮಂದಿ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಸಮಾಧಾನ ಹೇಳುತ್ತಿದ್ದರು. ಇಲ್ಲಿಯ ರೀತಿ ಬೇರೆ. ಹರಿದ ಬಲೆಗಳನ್ನು ತಂದು ಅವರ ಸುತ್ತ ಹರಡಿಕೊಂಡು ಹೊಲಿಯತೊಡಗಿದರು. ದೇವಕಿಯ ಕೈಗೂ ಒಂದು ಅಂಚು ಕೊಟ್ಟರು. ಅವರ ಕೈ ತಾನಾಗಿಯೇ ಕೆಲಸಕ್ಕೆ ತೊಡಗಿತು. ನಾಗಮ್ಮ ನನಗೂ ಬಲೆಯ ಒಂದು ತುದಿಯನ್ನು ಬಿಗಿಯಾಗಿ ಹಿಡಿಯಲು ಹೇಳಿದರು. ಹೊತ್ತು ಮುಳುಗುವವರೆಗೆ ಹಾಗೆ ಹಿಡಿದು ಕುಳಿತೆ. ಬೆನ್ನು ನೋಯುತ್ತಿತ್ತು. ಎದ್ದು ಹೋಗುವ ಮನಸ್ಸಾಗಲಿಲ್ಲ.

ಮರುದಿನ ಹುಡುಕಲು ಹೋದ ಬೋಟುಗಳು ಬರಿಗೈಯಲ್ಲಿ ಬಂದವು. ಡೀಸೆಲ್ ತುಂಬಿಸಿಕೊಂಡು, ಎರಡು ತುತ್ತು ಅವಲಕ್ಕಿ ತಿಂದು, ಅದೇ ಗಂಡಸರು ತಿರುಗಿ ಹೋದರು. ಅಂಚೆ ಕಚೇರಿಯಿಂದ ಗಣಪತಿ ಕಾರವಾರಕ್ಕೆ ಫೋನು ಹಚ್ಚಿಸಲು ಹೋಗಿ ಮಧ್ಯಾಹ್ನದವರೆಗೆ ಕಾದು, ಗಾಳಿಗೆ ತಂತಿ ಕಡಿದಿದೆ ಎಂದು ಕೇಳಿಕೊಂಡು ಬಂದ. ಮನೆಮನೆಯಿಂದ ಅಕ್ಕಿ, ತೆಂಗಿನಕಾಯಿ, ಸೌದೆ ದೇವಕಿಯ ಅಂಗಳಕ್ಕೆ ಬಂದು ಬೀಳುತ್ತಿದ್ದವು. ತಂದವರು ನಿಲ್ಲದೆ ಹೋಗುತ್ತಿದ್ದರು. ನಮ್ಮ ತೊಟ್ಟಿಲು ಗೋಣಿಚೀಲದಲ್ಲೇ ಜಗಲಿಯ ಮೂಲೆಯಲ್ಲಿ ನಿಂತಿತ್ತು. ಅಂದು ಗುರುವಾರ. ತೊಟ್ಟಿಲನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಕಾಲ ಕೂಡಿಬಂದಾಗ ಕಟ್ಟಿಕೊಳ್ಳಿ ಎಂದು ನಾನು ನಾಗಮ್ಮನಿಗೆ ಹೇಳಿದೆ. ಮಗುವನ್ನು ಅದರಲ್ಲಿ ಮಲಗಿಸಿ ಅಪ್ಪನಿಗೆ ಹೋಗಿ ಹೇಳಬೇಕೆಂಬ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಆ ಮಾತು ಪಕ್ಕದ ಮನೆಗೆ ಹೇಗೆ ಮುಟ್ಟಿತೋ ತಿಳಿಯದು. ಸಂಜೆ ದೇವಕಿಯೇ ನಮ್ಮ ಅಂಗಳಕ್ಕೆ ಬಂದರು. ಎರಡು ದಿನ ತಲೆ ಬಾಚಿರಲಿಲ್ಲ. ಜಗಲಿಯ ಮೇಲೆ ಕೂರದೆ, ಗೋಣಿಚೀಲವನ್ನು ತೋರಿಸಿ ಇದೇ ಏನು ಎಂದು ಕೇಳಿದರು. ಹೌದೆಂದೆ.

“ನಾಳೆ ಬೆಳಿಗ್ಗೆ ಕಟ್ಟಿ,” ಎಂದರು.

ನಾಗಮ್ಮ ಬೇಡವೇ ಬೇಡ ಎಂದರು. ಪಕ್ಕದ ಮನೆಯಲ್ಲಿ ಇಂಥ ಸಂಕಟವಿರುವಾಗ ತಾನು ಮೊಮ್ಮಗಳ ಹೆಸರು ಕೂಗುವುದು ಹೇಗೆ ಎಂದು ಕೇಳಿದರು. ದೇವಕಿ ಅವರ ಮಾತು ಮುಗಿಯುವವರೆಗೂ ಕಾದರು.

“ರಾಮಂಗೆ ಹೆಸ್ರಿಡೂ ದಿನ ಅವನ ಅಪ್ಪ ಕಡಲಲ್ಲೇ ಇದ್ದ, ನಾಗಕ್ಕ. ಬರೂಕೆ ಮತ್ತೂ ನಾಲ್ಕು ದಿನ ಆಯ್ತು. ನೀವು ಕಾದ್ರಾ? ನೀವೇ ಅಲ್ದಾ ತೊಟ್ಲಿಗೆ ಹಾಕದ್ದು? ಕಡಲು ಯಾವತ್ತಿಗೂ ನಮ್ಮನ್ನ ಕೇಳ್ಕಂಡು ಮಾಡೂದಿಲ್ಲ. ಕೂಸಿನ ಹೆಸ್ರಿಗೆ ನಾವ್ಯಾಕೆ ಅದ್ರ ಅಪ್ಪಣೆ ಕೇಳೂದು? ಅಕ್ಕೋರು ಘಟ್ಟದ ಮೇಲಿಂದ ಹೊತ್ಕಂಡು ಬಂದಾರೆ.”

ನಾಗಮ್ಮ ತಲೆಯಾಡಿಸಿ ಒಪ್ಪಿದರು.

ಶುಕ್ರವಾರ ಬೆಳಿಗ್ಗೆ ಗೋಣಿಚೀಲದ ಹೊಲಿಗೆ ಬಿಚ್ಚಿದೆವು. ಒಂದು ಗಿಳಿಯ ಕೊಕ್ಕಿನ ಬಣ್ಣ ಮಾತ್ರ ಸ್ವಲ್ಪ ಹೋಗಿತ್ತು. ಆಗ ನನಗೆ ನೆನಪಾಯಿತು, ತೂಗುಹಾಕುವ ಸರಪಳಿಯನ್ನು ನಾನು ತಂದೇ ಇರಲಿಲ್ಲ. ನಾಚಿಕೆಯಾಯಿತು. ಮುಂದಿನ ಮನೆಯ ಮುದುಕರೊಬ್ಬರು ದೋಣಿಯ ಹಗ್ಗ ತಂದು, ಜಗಲಿಯ ಅಡ್ಡತೊಲೆಗೆ ಹಾಯಿಸಿ, ನಾಲ್ಕು ಗಂಟು ಹಾಕಿ, ತಾವೇ ಜೋತುಬಿದ್ದು ನೋಡಿದರು. ಸರಪಳಿಯಾದರೆ ಈ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿತ್ತು, ಇದೇ ಒಳ್ಳೆಯದು ಎಂದು ನನಗೆ ಸಮಾಧಾನ ಹೇಳಿದರು.

ಜಗಲಿ, ಅಂಗಳ, ದಾರಿ ಎಲ್ಲ ಕಡೆ ಜನ ತುಂಬಿದರು. ವಾದ್ಯವಿಲ್ಲ, ಸಿಹಿಯಿಲ್ಲ. ಹೆಸರನ್ನು ನಾಗಮ್ಮ ಮೊದಲೇ ಯೋಚಿಸಿಟ್ಟಿದ್ದರು. ನಮ್ಮ ಅವ್ವನ ಹೆಸರು ನೀಲಮ್ಮ. ಮಗುವಿಗೆ ನೀಲಾ ಎಂದಿಡೋಣ ಎಂದರು. ಅದು ನನಗೆ ಗೊತ್ತಿರಲಿಲ್ಲ. ಶಾಂತಾ ನನ್ನ ಮುಖ ನೋಡಿದಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾಗಮ್ಮ ಮಗುವನ್ನು ದೇವಕಿಯ ಕೈಗೆ ಕೊಟ್ಟರು. ದೇವಕಿ ಒಂದು ಗಳಿಗೆ ಅದನ್ನು ಎದೆಗೆ ಒತ್ತಿಕೊಂಡು ನಿಂತರು. ಆಮೇಲೆ ತೊಟ್ಟಿಲಲ್ಲಿ ಮಲಗಿಸಿ, ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದರು. ಹೆಂಗಸರು ಜೋಗುಳ ಶುರುಮಾಡಿದರು, ಅದು ನಡುವೆ ನಿಂತುಹೋಯಿತು. ತಿರುಗಿ ಶುರುಮಾಡಿ ಹೇಗೋ ಮುಗಿಸಿದರು.

ನಾನು ಮಧ್ಯಾಹ್ನದ ಬಸ್ಸಿಗೆ ಹೊರಡುವವಳಿದ್ದೆ. ಗಣಪತಿ ನನ್ನ ಚೀಲ ಹಿಡಿದು ಜೊತೆಗೆ ಬಂದ. ಬಸ್ಸು ದೂರದಿಂದಲೇ ಹಾರ್ನ್ ಬಾರಿಸುತ್ತ ಬಂತು. ನಿಲ್ಲುವ ಜಾಗಕ್ಕಿಂತ ಎಷ್ಟೋ ಮೊದಲೇ ನಿಂತು, ಡ್ರೈವರ್ ಕೆಳಗೆ ಜಿಗಿದು ಕೇರಿಯ ಕಡೆ ಕೈ ಬೀಸಿ ಕರೆಯತೊಡಗಿದ. ಹಿಂದಿನ ಬಾಗಿಲಿನಿಂದ ಇಬ್ಬರು ಇಳಿದರು. ಒಬ್ಬ ನಡುವಯಸ್ಸಿನವನು. ಇನ್ನೊಬ್ಬ ಎಳೆ ಮೀಸೆಯವನು, ತನ್ನದಲ್ಲದ ದೊಗಲೆ ಅಂಗಿ ಹಾಕಿದ್ದ. ಇಬ್ಬರ ತುಟಿಗಳೂ ಒಡೆದು ಕಪ್ಪಾಗಿದ್ದವು. ಗಣಪತಿ ನನ್ನ ಚೀಲವನ್ನು ದಾರಿಯಲ್ಲೇ ಬಿಟ್ಟು ಓಡಿದ.

ಗಾಳಿ ಅವರ ದೋಣಿಯನ್ನು ಬಡಗಣಕ್ಕೆ ತಳ್ಳಿಕೊಂಡು ಹೋಗಿ ಒಡೆದುಹಾಕಿತ್ತು. ಹಲಗೆ ಹಿಡಿದು ತೇಲುತ್ತಿದ್ದವರನ್ನು ಯಾವುದೋ ದೂರದ ಊರಿನ ಬೋಟಿನವರು ಎತ್ತಿಕೊಂಡು, ಅಂದು ಬೆಳಿಗ್ಗೆ ಕಾರವಾರದಲ್ಲಿ ಇಳಿಸಿದ್ದರು. ಇದನ್ನೆಲ್ಲ ಆಮೇಲೆ ಕೇಳಿದ್ದು. ಆಗ ಕಂಡದ್ದು ಇಷ್ಟೇ: ದೇವಕಿ ಓಡಿ ಬರಲಿಲ್ಲ. ದಾರಿಯ ನಡುವೆ ಕುಳಿತುಬಿಟ್ಟರು. ರಾಮನೇ ಬಂದು ಅವರ ಎದುರು ಕುಳಿತ. ಅವನ ತಲೆ, ಭುಜ, ಕೈ ಎಲ್ಲವನ್ನೂ ಅವರು ಒಂದೊಂದಾಗಿ ಮುಟ್ಟಿದರು.

“ದೋಣಿ ಹೋಯ್ತು ಅಬ್ಬೆ,” ಎಂದ ಅವನು.

“ಹೋಗ್ಲಿ,” ಎಂದರು.

ಬಸ್ಸಿನಲ್ಲಿದ್ದವರೆಲ್ಲ ಇಳಿದು ನಿಂತಿದ್ದರು. ಅದು ಹೊತ್ತು ಮೀರಿ ಹೊರಟಿತು. ಅದರಲ್ಲಿ ನಾನು ಹೋಗಲಿಲ್ಲ. ಸಂಜೆ ಹುಡುಕಲು ಹೋದ ಬೋಟುಗಳೂ ದಂಡೆಗೆ ಬಂದವು, ಕೇರಿಯ ಎಲ್ಲ ಒಲೆಗಳೂ ಉರಿದವು. ತೆಂಗಿನಕಾಯಿ, ಬೆಲ್ಲ ಹಾಕಿ ಅಕ್ಕಿಯ ಪಾಯಸ ಮಾಡಿ, ಮೊದಲ ಬಟ್ಟಲನ್ನು ನನಗೆ ಕೊಟ್ಟರು. ರಾಮ ಊಟವಾದದ್ದೇ ನಮ್ಮ ಜಗಲಿಯ ಮೇಲೆ, ತೊಟ್ಟಿಲ ಕೆಳಗೇ ನಿದ್ದೆ ಹೋದ. ಅವನನ್ನು ಎಬ್ಬಿಸಲು ಯಾರೂ ಒಪ್ಪಲಿಲ್ಲ. ಕಾಲು ಚಾಚಿ ಮಲಗಿದವನನ್ನು ದಾಟದೆ ಎಲ್ಲರೂ ಸುತ್ತುಬಳಸಿ ಓಡಾಡಿದರು.

ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಬೋಟುಗಳು ರಾತ್ರಿ ಕಡಲಿಗೆ ಹೋಗಿ ಬಂದಿದ್ದವು. ಬಸ್ಸಿನ ತುಂಬ ಬುಟ್ಟಿಗಳು, ಗಟ್ಟಿ ಮಾತು, ಮೀನಿನ ನೀರು. ದೇವಕಿಯೂ ಒಂದು ಬುಟ್ಟಿಯೊಂದಿಗೆ ಹತ್ತಿದರು. ಮನೆಯಲ್ಲಿ ದೋಣಿ ಇಲ್ಲದ ಮೇಲೆ ಬೇರೆಯವರ ಮೀನನ್ನು ಮಾರಿಕೊಡಲು ಒಪ್ಪಿಕೊಂಡಿದ್ದರು. ಒಂದು ದಿನ ಮನೆಯಲ್ಲಿ ಕೂರಬಾರದಿತ್ತೇ ಎಂದೆ. ಕೂತರೆ ಅಳು ಬರುತ್ತದೆ ಎಂದು ನಕ್ಕರು. ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು, ಬದಿಯ ಸೀಟನ್ನು ಕೈಯಿಂದ ಒರೆಸಿ ನನಗೆ ಕೊಟ್ಟರು.

ಅಷ್ಟು ದಿನದ ನಿದ್ದೆಯೆಲ್ಲ ಒಮ್ಮೆಲೇ ಬಂತು. ಅಂಕೋಲೆ ಬಂದಾಗ ಅವರು ತಟ್ಟಿ ಎಬ್ಬಿಸಿದರು. ನನ್ನ ತಲೆ ಅವರ ಹೆಗಲ ಮೇಲಿತ್ತು. ದಾರಿಯುದ್ದಕ್ಕೂ ಅವರು ಆ ತೋಳನ್ನು ಅಲುಗಿಸಿರಲಿಲ್ಲ. ಹುಬ್ಬಳ್ಳಿಯ ಬಸ್ಸು ಆಗಲೇ ನಿಂತಿತ್ತು, ಜನ ಬಾಗಿಲಲ್ಲಿ ನೂಕಾಡುತ್ತಿದ್ದರು. ದೇವಕಿ ಬುಟ್ಟಿ ಕೆಳಗಿಟ್ಟು, ತಲೆಯ ಮೇಲಿನ ಬಟ್ಟೆಯ ಸಿಂಬೆಯನ್ನು ಕಿಟಕಿಯೊಳಗೆ ಎಸೆದು ಒಂದು ಸೀಟು ಹಿಡಿದರು. ನಾನು ಹತ್ತಿ ಕುಳಿತು ಸಿಂಬೆಯನ್ನು ಹೊರಗೆ ಕೊಟ್ಟೆ. ಅಪ್ಪನನ್ನು ಕೇಳಿದೆನೆಂದು ತಿಳಿಸಿರಿ, ಕಾಲು ಸ್ವಲ್ಪ ಆಡುವಂತಾದರೆ ಕರೆತನ್ನಿ, ಗಂಡಸರು ಬಸ್ಸಿನಿಂದ ಮನೆತನಕ ಎತ್ತಿಕೊಂಡು ಹೋಗುತ್ತಾರೆ ಎಂದರು.

ಬಸ್ಸು ಹೊರಳುವಾಗ ತಿರುಗಿ ನೋಡಿದೆ. ಅವರು ಬುಟ್ಟಿಯನ್ನು ತಲೆಗೇರಿಸಿಕೊಂಡು ಪೇಟೆಯ ದಾರಿ ಹಿಡಿದಿದ್ದರು. ಒಂದು ಕೈ ಬುಟ್ಟಿಯ ಮೇಲಿತ್ತು. ನಾನು ಒರಗಿ ಮಲಗಿದ್ದ ಕೈಯನ್ನು ಜೋಮು ಬಿಡಿಸಲು ಝಾಡಿಸುತ್ತ ಹೋಗುತ್ತಿದ್ದರು.