ಬೇರೆಯವರ ಕುಂಕುಮ

ನಮ್ಮ ಫ್ರಿಜ್ಜು ಕೆಟ್ಟ ಮೇಲೆ ಅಮ್ಮನ ಇನ್ಸುಲಿನ್ ಓನರ್ ಮನೆ ಫ್ರಿಜ್ಜಿನಲ್ಲಿತ್ತು. ದಿನಾ ಅವರ ಬಾಗಿಲು ತಟ್ಟಿ ತಟ್ಟಿ ನನಗೇ ನಾಚಿಕೆಯಾಗಿತ್ತು. ಹೊಸದು ಕೈಗೆಟುಕೋ ಹಾಗಿರಲಿಲ್ಲ. ಅಬ್ಬಿಗೆರೆಯ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದೆ. ಅಲ್ಲಿ ಸಿಕ್ಕಿದ ಫ್ರಿಜ್ಜಿನ ಬಾಗಿಲ ಮೇಲೆ ಯಾರದೋ ಮನೆಯ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

“ಇಷ್ಟು ಚೆನ್ನಾಗಿ ಇಟ್ಕೊಂಡೋರು ಯಾಕ್ರೀ ಮಾರಿದ್ರು?” ಅಂದೆ.

ಅಂಗಡಿಯವನು ಕುಂಕುಮ ಬಿಟ್ಟು ಸುತ್ತಲಿನ ಧೂಳು ಮಾತ್ರ ಒರೆಸುತ್ತಾ, “ನೀವ್ ಯಾಕೆ ಹಳೇದು ತಗೋತಿದ್ದೀರೋ ಅದಕ್ಕೇ, ಸಾರ್” ಅಂದ.

ಮನೆಗೆ ತಂದಾಗ ಹೆಂಡತಿ ಒದ್ದೆ ಬಟ್ಟೆ ಹಿಡಿದು ಬಂದಳು. ಅವನಂದದ್ದನ್ನು ಹೇಳಿದೆ. ಬಟ್ಟೆ ಕೆಳಗಿಟ್ಟು, ಆ ಕುಂಕುಮದ ಪಕ್ಕದಲ್ಲೇ ನಮ್ಮದೊಂದು ಬೊಟ್ಟು ಇಟ್ಟಳು.

ಅದರ ಪಕ್ಕ ಇನ್ನೂ ಒಂದು ಮನೆಯ ಬೊಟ್ಟಿಗೆ ಜಾಗ ಇತ್ತು. ಇಬ್ಬರೂ ನೋಡಿದೆವು; ನಾನು ಓನರ್ ಮನೆಯಿಂದ ಇನ್ಸುಲಿನ್ ತರಲು ಹೊರಟೆ.