ಧ್ವಜದಂಚಿನ ಗಿರಣಿಚಕ್ರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊರಾವಿಯಾದ ಸ್ಲಿವೆನ್ಕಾ ಹಳ್ಳಿಯಲ್ಲಿ ವ್ಲಾಸ್ತಾ ಕುಬೆಷೋವಾ ಅಡುಗೆಮನೆಯ ಮೇಜಿನ ಮೇಲೆ ಊರಿನ ಧ್ವಜ ಹರಡಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಏಳು ಗಂಟೆಗೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯಲು ಹೋಗಬೇಕು. ಹೊಲಿಗೆ ಏನಿದ್ದರೂ ಅದಕ್ಕೆ ಮೊದಲು.

ಕಂಬದ ಕಡೆ ಹಳದಿಯ ಮೇಲೆ ಪ್ಲಮ್ ಮರ, ಅದು ಮೇಲಿನ ಕೇರಿ. ಹೊರಗಂಚಿನ ಕಡೆ ನೀಲಿಯ ಮೇಲೆ ಬಿಳಿ ಗಿರಣಿಚಕ್ರ, ಅದು ಹೊಳೆದಂಡೆಯ ಕೆಳಗಿನ ಕೇರಿ. ಪಂಚಾಯ್ತಿ ಬಾಗಿಲ ಮೇಲಿನ ಲಾಂಛನದಲ್ಲೂ ಇವೇ ಎರಡು. ಚಕ್ರಕ್ಕೆ ನೀರು ಬಡಿಯುವ ಎಂಟು ಹಲಗೆ, ಕೆಳಕೇರಿಯಲ್ಲಿ ಇದ್ದದ್ದೂ ಎಂಟೇ ಮನೆ. ಗಿರಣಿ ನಿಂತ ಮೇಲೆ ಜನ ಒಬ್ಬೊಬ್ಬರೇ ಮೇಲಕ್ಕೆ ಬಂದರು. ಈಗ ಅಲ್ಲಿ ಬರೀ ಹುಲ್ಲು. ಆ ಮನೆಗಳು ಉಳಿದಿರುವುದು ಈ ಬಟ್ಟೆಯಲ್ಲಿ ಮಾತ್ರ.

ಗಾಳಿ ಮೊದಲು ಹರಿಯುವುದು ಹೊರಗಂಚನ್ನೇ. ಹಿಂದಿನವರು ಪ್ರತಿ ವಸಂತದಲ್ಲೂ ಹರಿದಷ್ಟು ಕತ್ತರಿಸಿ, ಮಡಚಿ ಹೊಲಿದರು. ಹಾಗೆ ಕತ್ತರಿಸುತ್ತಾ ಬಂದ ಅಂಚು ಈಗ ಚಕ್ರದ ಹಲಗೆಗೇ ಬಂದು ತಾಗಿದೆ.

ಪಂಚಾಯ್ತಿ ಅಧ್ಯಕ್ಷ ರಾದೊವಾನ್ ಬಂದು, ಊರವರೆಲ್ಲ ಕರೆಯುವಂತೆ ಚಿಕ್ಕಮ್ಮ ಎಂದು ಕರೆದು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳುತ್ತಾನೆ: "ಚಿಕ್ಕಮ್ಮ, ಎರಡು ಬೆರಳಷ್ಟು ಅಂಚು ಕತ್ತರಿಸಿಬಿಡಿ. ಭಾನುವಾರ ಹಬ್ಬ, ಧ್ವಜ ಏರ್ಲೇಬೇಕು. ಅಷ್ಟೆತ್ತರದಲ್ಲಿ ಯಾರಿಗ್ ಕಾಣತ್ತೆ?"

"ಒಂದು ಹಲಗೆ ಹೋಗತ್ತಪ್ಪಾ. ಯಾರ ಮನೆ ಕೆಡವ್ಲಿ, ನೀನೇ ಹೇಳು."

"ಇಲ್ದಿರೋ ಮನೆ ಕೆಡವೋದೇನು ಬಂತು!"

ವ್ಲಾಸ್ತಾ ನಗುವುದಿಲ್ಲ. ಊದಿದ ಬೆರಳನ್ನು ಹಲಗೆಯಿಂದ ಹಲಗೆಗೆ ಸರಿಸುತ್ತಾರೆ. "ಇದು ಗಿರಣಿಯವ್ರದ್ದು. ಇದು ಬಾತುಕೋಳಿ ಸಾಕ್ತಿದ್ದೋರದ್ದು. ಇದು ನಾನು ಹುಟ್ಟಿದ್ದು. ಈ ತುದೀದು ನಿಮ್ಮಜ್ಜೀದು. ಕತ್ತರಿ ಕೊಡ್ಲಾ?"

ರಾದೊವಾನ್ ಟೋಪಿ ತೆಗೆದು ಕೂರುತ್ತಾನೆ. ಚಿತ್ರ ಬರೆದವರು ಹಲಗೆಗಳಿಗೆ ಹೆಸರಿಟ್ಟಿರಲಿಲ್ಲ. ಹೊಳೆಗುಂಟ ಮನೆಗಳು ಇದ್ದ ಸಾಲಿನಲ್ಲೇ ವ್ಲಾಸ್ತಾ ಹೆಸರಿಟ್ಟುಕೊಂಡಿದ್ದಾರೆ.

ಅವರು ಕತ್ತರಿ ಮುಟ್ಟುವುದಿಲ್ಲ. ಸಿಕ್ಕುಬಿದ್ದ ಒಂದೊಂದೇ ಎಳೆ ಬಿಡಿಸಿ, ಅದರ ಬೆನ್ನಿಗೆ ಹೊಸ ಎಳೆ ಸೇರಿಸಿ, ಹರಿದ ಬಟ್ಟೆಯನ್ನು ಮತ್ತೆ ನೇಯುತ್ತಾರೆ. ಕಣ್ಣು ಮಂಜು, ಆದರೂ ಬೆರಳು ತಪ್ಪುವುದಿಲ್ಲ. ಹೊಸದು ಎಲ್ಲಿ ಶುರುವಾಯಿತು ಎಂದು ಹುಡುಕಿದರೂ ಸಿಗುವುದಿಲ್ಲ.

ಭಾನುವಾರ ವಾದ್ಯದವರು ಊದುತ್ತಿದ್ದಾರೆ, ಧ್ವಜ ಏರಿದೆ. ಆದರೆ ಗಾಳಿಯಿಲ್ಲ, ಅದು ಕಂಬಕ್ಕೆ ಅಂಟಿಕೊಂಡಿದೆ. ರಾದೊವಾನ್ ತನ್ನ ಮುದಿತಾಯಿಯನ್ನು ಕೈಹಿಡಿದು ಕರೆತರುತ್ತಾನೆ. "ಚಿಕ್ಕಮ್ಮ, ಅಮ್ಮಂಗೆ ನಮ್ಮಜ್ಜಿ ಮನೆ ತೋರ್ಸಿ."

"ತಾಳು."

ಎಲ್ಲರೂ ಕತ್ತೆತ್ತಿ ನಿಲ್ಲುತ್ತಾರೆ. ಹೊಳೆಯ ಕಡೆಯಿಂದ ಗಾಳಿ ಬೀಸಿ ನೀಲಿ ಬಿಚ್ಚಿಕೊಳ್ಳುತ್ತದೆ. ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾಳೆ.

"ಅಗೋ, ತುದೀದು," ಎನ್ನುತ್ತಾರೆ ವ್ಲಾಸ್ತಾ. "ಈ ವರ್ಷದ ಗಾಳಿಗೆ ಬೀಳಲ್ಲ."